ಸೋಮವಾರದ ಬಾಯಿ

ನಾನು ಒಂದೂ ಗೋಲು ಕಂಡವಳಲ್ಲ. ಆದರೆ ನಮ್ಮ ತಂಡ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಆಡಿದ ಆ ವರ್ಷ, ನಮ್ಮೂರಿನಲ್ಲಿ ನಡೆದ ಹದಿಮೂರೂ ಪಂದ್ಯಗಳನ್ನು ಕೇಳಿದ್ದೇನೆ. ಮಿಲ್ಲಿನ ಹಿಂದಿನ ಮೈದಾನಕ್ಕೂ ಕೆಲಸಗಾರರ ಸಾಲುಮನೆಗಳಿರುವ ನಮ್ಮ ಚಾಳಿಗೂ ನಡುವೆ ಇರುವುದು ಒಂದು ಹಳ್ಳ, ಒಂದು ಗೋಡೆ. ಕಾರ್ನರ್ ಸಿಕ್ಕಾಗ ಕೂಗು ಹೇಗೆ ಏರುತ್ತದೆ, ಫೌಲಾದಾಗ ಹೇಗೆ ಒಡೆಯುತ್ತದೆ, ಆಫ್‌ಸೈಡಿನ ಬಾವುಟ ಎದ್ದಾಗ ಹೇಗೆ ಅರ್ಧಕ್ಕೇ ಕಳಚಿ ಬೀಳುತ್ತದೆ, ಎಲ್ಲ ನನ್ನ ಕಿವಿಗೆ ಗೊತ್ತು. ಪಕ್ಕದ ಮನೆಯ ಖತೀಜಾಬಿಗೆ ನನಗಿಂತ ಹೆಚ್ಚು ಗೊತ್ತು. ಅವಳು ಅಕ್ಕಿ ಆರಿಸುತ್ತಲೇ ಹೇಳುತ್ತಿದ್ದಳು, 'ನೋಡು, ಈಗ ಎಡಗಡೆಯಿಂದ ಹೊಂಟಾರ. ಎಡಗಡೆ ಗ್ಯಾಲರಿ ಮೊದಲ ಎದ್ದಿತು.'

ನಮ್ಮೂರ ಮೈದಾನದಲ್ಲಿ ಕೂಗಿದವರ ದನಿ ಅಲ್ಲೇ ಉಳಿಯುತ್ತದೆ. ಭಾನುವಾರ ಸಂಜೆ ಆರಕ್ಕೆ ಗೇಟು ದಾಟಿ ಹೊರಬರುವ ಗಂಡಸರ ಬಾಯಲ್ಲಿ ಮಾತಿರುವುದಿಲ್ಲ. ಗುರುವಾರ ಬೆಳಿಗ್ಗೆ ಒಂದು ಕೆಮ್ಮು ಬರುತ್ತದೆ, ಅದರ ಹಿಂದೆ ದನಿಯೂ ಬರುತ್ತದೆ. ಜನ ಕೂಗಿದಷ್ಟೂ ನಮ್ಮ ಹುಡುಗರ ಕಾಲು ಚುರುಕಾಗುತ್ತಿತ್ತು, ಅದಂತೂ ಎದುರಾಳಿಗಳೂ ಒಪ್ಪುತ್ತಿದ್ದ ಮಾತು. ಬೇರೆ ಊರಿನಿಂದ ಬಂದವರು ಎಷ್ಟು ಕೂಗಿದರೂ ಹರಟುತ್ತಲೇ ಬಸ್ಸು ಹತ್ತುತ್ತಿದ್ದರು. ಯಾಕೆ ಹೀಗೆ ಎಂದು ಹುಡುಕಲು ನಮ್ಮಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಸೈರನ್ ಆಗುತ್ತದೆ.

ಊರು ಇದಕ್ಕೆ ಹೊಂದಿಕೊಂಡಿತ್ತು. ಮದುವೆಗಳು ಲೀಗು ಮುಗಿದ ಮೇಲೆ ನಡೆಯುತ್ತಿದ್ದವು. ಕ್ಷೌರದ ಅಂಗಡಿಯ ಗೋಡೆಗೆ ಆರು ಬಗೆಯ ತಲೆಗಳ ಚಿತ್ರ ಹಚ್ಚಿದ್ದರು, ಬೆರಳಿಟ್ಟು ತೋರಿಸಿದರೆ ಆಯಿತು. ಶಾಲೆಯಲ್ಲಿ ಮೇಷ್ಟ್ರುಗಳು ಸೋಮವಾರದಿಂದ ಬುಧವಾರದವರೆಗೆ ಬರೀ ಕಾಪಿ ಬರೆಸುತ್ತಿದ್ದರು. ಮಸೀದಿಯಲ್ಲಿ ಬಾಂಗ್ ಕೊಡುವ ಮೌಲಾಸಾಬರೂ ಭಜನೆ ಹಿಡಿಯುವ ಬಸಲಿಂಗಯ್ಯನವರೂ ಮೈದಾನದ ಕಡೆ ತಲೆ ಹಾಕುತ್ತಿರಲಿಲ್ಲ. ಹೆಂಗಸರೂ ಹೋಗುತ್ತಿರಲಿಲ್ಲ. ನಮ್ಮನ್ನು ಯಾರೂ ತಡೆದಿರಲಿಲ್ಲ. ಮನೆಗೊಂದು ಬಾಯಿ ಉಳಿಯಬೇಕು, ಅಷ್ಟೇ. ಆ ಬಾಯಿ ಯಾಕೆ ಯಾವಾಗಲೂ ನಮ್ಮದೇ ಆಗಬೇಕು ಎಂದು ಯಾರೂ ಕೇಳಿರಲಿಲ್ಲ.

ಹೀಗೆ ಉಳಿದವರನ್ನು ನಮ್ಮಲ್ಲಿ ಸೋಮವಾರದ ಬಾಯಿ ಎನ್ನುತ್ತಾರೆ. ಅದಕ್ಕೊಂದು ಕಟ್ಟಳೆ ಇದೆ. ನನ್ನ ಗಂಡನ ಹೆಸರು ದುರಗಪ್ಪ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಆದರೆ ಮೈದಾನದ ಮರುದಿನ ಅಂಗಡಿಗೋ ಆಫೀಸಿಗೋ ಇಬ್ಬರೂ ಹೋದಾಗ ನಾನು ಮೊದಲು 'ದುರಗಪ್ಪ ಹೇಳ್ತೀನಿ' ಎನ್ನಬೇಕು. ಹಾಗೆಂದ ಮೇಲೆ ಮಾತು ಅವರದು. ಅವರು ಕೈಯಲ್ಲಿ, ಕಣ್ಣಲ್ಲಿ ತೋರಿಸಿದ್ದನ್ನು ನಾನು ಆಡಬೇಕು. ನನ್ನದೊಂದು ಮಾತು ಸೇರಿಸುವಂತಿಲ್ಲ, ಅವರದೊಂದು ಮಾತು ನುಂಗುವಂತಿಲ್ಲ. ಮೂರನೇ ಓಣಿಯ ಶಾಂತವ್ವ ಒಮ್ಮೆ ಗಂಡನ ಮಾತಿನಲ್ಲಿ ತನ್ನ ಮಾತು ಬೆರೆಸಿ ದಾಯಾದಿಗಳ ಜಗಳ ಹಚ್ಚಿದ್ದಳು. ಆಮೇಲೆ ಅವಳ ಬಾಯಿಮಾತು ನಂಬಿ ಒಂದು ಬೆಂಕಿಪೊಟ್ಟಣ ಕೊಡುವವರೂ ಇರಲಿಲ್ಲ.

ಸೋಮವಾರ ಸಂಜೆ ನಳದ ಕಟ್ಟೆಯ ಮೇಲೆ ಗಂಡಸರು ಸುಮ್ಮನೆ ಕೂತಿರುತ್ತಿದ್ದರು, ನಾನು ಪತ್ರಿಕೆ ಓದಿ ಹೇಳುತ್ತಿದ್ದೆ. ಮೊದಲು ಆಟದ ಪುಟ. ಅದು ಮುಗಿದ ಮೇಲೂ ಯಾರೂ ಏಳುತ್ತಿರಲಿಲ್ಲ, ಹಾಗಾಗಿ ಉಳಿದ ಪುಟಗಳನ್ನೂ ಓದತೊಡಗಿದೆ. ಮಾತಿಲ್ಲದ ನಲವತ್ತು ಜನ ನಿಮ್ಮ ಬಾಯಿಯನ್ನೇ ನೋಡುತ್ತಿದ್ದರೆ ಓದು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಬೇರೆ ಊರಿನ ಮಿಲ್ಲಿನಲ್ಲಿ ಏನು ಕೇಳಿದರು, ಏನು ಪಡೆದರು ಎಂಬುದೆಲ್ಲ ಹೀಗೆ ನಮ್ಮ ಚಾಳಿಗೆ ಬಂತು. ಕೇಳಿಸಿಕೊಂಡವರು ಏನಾದರೂ ಹೇಳಬೇಕೆಂದರೆ ಗುರುವಾರದವರೆಗೆ ಕಾಯಬೇಕಿತ್ತು. ಗುರುವಾರದ ಹೊತ್ತಿಗೆ ಮುಂದಿನ ಪಂದ್ಯದ ಮಾತು ಶುರುವಾಗಿರುತ್ತಿತ್ತು.

ತಂಡದ ಹೆಸರು ಕೆಂಪು ಲಾಳಿ. ಮಿಲ್ಲಿನದೇ ತಂಡ, ಅಂಗಿಯ ಎದೆಯ ಮೇಲೆ ಮಗ್ಗದ ಲಾಳಿಯ ಚಿತ್ರ. ಇಪ್ಪತ್ತೆರಡು ವರ್ಷ ಕೆಳಗಿನ ದರ್ಜೆಯಲ್ಲಿ ಹೊರಳಾಡಿ ಆ ವರ್ಷ ಮೇಲೆ ಬಂದಿತ್ತು. ಹದಿನಾಲ್ಕು ತಂಡ, ಇಪ್ಪತ್ತಾರು ಪಂದ್ಯ. ಕಡೆಯ ಎರಡು ತಂಡ ಕೆಳಗಿಳಿಯಬೇಕು. ಮೊದಲ ಐದು ಪಂದ್ಯ ಸೋತೆವು. ಹೊರಗಿನ ಮೈದಾನಗಳಲ್ಲಿ ನಮ್ಮ ಹುಡುಗರು ಅಕ್ಕಿ ಮೂಟೆ ಹೊತ್ತವರಂತೆ ಓಡುತ್ತಿದ್ದರಂತೆ. ಉಳಿಯಬೇಕಾದರೆ ಊರಿನಲ್ಲೇ ಗೆಲ್ಲಬೇಕು, ಗೆಲ್ಲಬೇಕಾದರೆ ಜನ ಇನ್ನೂ ಕೂಗಬೇಕು. ಮಿಲ್ಲಿನವರು ಟಿಕೆಟ್ಟು ಪುಕ್ಕಟೆ ಮಾಡಿದರು.

ಎಂಟನೇ ಸುತ್ತಿನಲ್ಲಿ ನಮ್ಮೂರಲ್ಲೇ ಉಪ್ಪಿನ ಊರಿನವರನ್ನು ಮೂರು ಗೋಲಿನಿಂದ ಸೋಲಿಸಿದೆವು. ಮರುದಿನ ಸೋಮವಾರ ಮ್ಯಾನೇಜರ್ ಎಲ್ಲ ಖಾತೆಯವರನ್ನೂ ಹೆಂಡಿರ ಸಮೇತ ಕರೆದರು. ಪಕ್ಕದಲ್ಲಿ ಸೆಂಟರ್ ಫಾರ್ವರ್ಡ್ ಡೇವಿಡಪ್ಪ ತನ್ನ ಫೋಟೋಗಳ ಕಟ್ಟು ಹಿಡಿದು ನಿಂತಿದ್ದ. 'ಲಾಳಿ ಮ್ಯಾಲಿನ ದರ್ಜೆದಾಗ ಉಳೀಬೇಕಂದ್ರ ಮಿಲ್ ಗಟ್ಟಿ ಇರಬೇಕು. ಮಿಲ್ ಗಟ್ಟಿ ಇರಬೇಕಂದ್ರ ಒಬ್ಬನ ಕೈಯಾಗ ಎರಡು ಮಶೀನ್. ಒಪ್ಪಿಗಿ ಅದನೋ ಇಲ್ಲೋ, ಬಾಯಿಬಿಟ್ಟು ಹೇಳ್ರಿ' ಎಂದರು. ನಮ್ಮ ಸರದಿ ಬಂದಾಗ ನಾನು ಗಂಡನ ಮುಖ ನೋಡಿದೆ. ಅವರು ಡೇವಿಡಪ್ಪನ ಮುಖ ನೋಡುತ್ತಿದ್ದರು. ತಲೆ ಆಡಿಸಿದರು. 'ದುರಗಪ್ಪ ಹೇಳ್ತೀನಿ, ಒಪ್ಪಿಗಿ ಐತ್ರಿ' ಎಂದೆ. ಗುಮಾಸ್ತ ರಿಜಿಸ್ಟರಿನಲ್ಲಿ ಬರೆದುಕೊಂಡ. ಆ ದಿನ ಹಾಗೆ ನಾನೂರ ಹನ್ನೆರಡು ಒಪ್ಪಿಗೆಗಳನ್ನು ಹೆಂಗಸರ ಬಾಯಿಂದ ತೆಗೆದುಕೊಂಡರು. ನನ್ನ ಸ್ವಂತ ಬಾಯಿಂದ ಕೇಳಿದ್ದರೆ ಬೇರೆ ಉತ್ತರವಿತ್ತು. ಯಾರೂ ಕೇಳಲಿಲ್ಲ.

ಒಂದರ ಬದಲು ಎರಡು ಮಶೀನು ನೋಡಬೇಕಾದವನಿಗೆ ನಿಲ್ಲಿಸಿ ಒರೆಸುವ ಹೊತ್ತು ಸಿಗುವುದಿಲ್ಲ. ಓಡುತ್ತಿರುವಾಗಲೇ ಕೈ ಹಾಕಿ ಸಿಕ್ಕಿಕೊಂಡ ಹತ್ತಿ ತೆಗೆಯಬೇಕು. ಹತ್ತಿ ಹಿಂಜುವ ಕಾರ್ಡಿಂಗ್ ಖಾತೆಯಲ್ಲಿ ನನ್ನ ಗಂಡನ ಮಶೀನಿನ ಪಕ್ಕದ್ದು ನನ್ನ ತಮ್ಮ ಯಮನೂರಿಯದು. ಹದಿನೇಳನೇ ಸುತ್ತಿನ ಪಂದ್ಯ ಊರಿನಲ್ಲಿ ಆಗಿತ್ತು, ಗೆದ್ದಿದ್ದೆವು. ಅದರ ಮುಂದಿನ ಮಂಗಳವಾರ ಬೆಳಗಿನ ಪಾಳಿಯಲ್ಲಿ ಯಮನೂರಿಯ ಬಲಗೈ ಸಿಲಿಂಡರಿನೊಳಗೆ ಹೋಯಿತು. ಮುಳ್ಳಿನ ಸಿಲಿಂಡರಿಗೆ ಅಡ್ಡ ಇರಬೇಕಾದ ಕಬ್ಬಿಣದ ಜಾಲರಿ ಇರಲಿಲ್ಲ. ಅವನು ಬಾಯಿ ತೆರೆದ. ಕೂಗು ಬರಲಿಲ್ಲ. ಅವನ ಕೂಗು ಮೈದಾನದಲ್ಲಿತ್ತು. ಆರು ಹೆಜ್ಜೆ ಆಚೆ ಬೆನ್ನು ಹಾಕಿ ನಿಂತಿದ್ದ ನನ್ನ ಗಂಡ ತಿರುಗಿ ನೋಡುವವರೆಗೆ ಮಶೀನು ಓಡುತ್ತಲೇ ಇತ್ತು. ಹೆಬ್ಬೆರಳೊಂದು ಉಳಿಯಿತು.

ಇಪ್ಪತ್ತು ದಿನದ ಮೇಲೆ ಅವನು ಆಸ್ಪತ್ರೆಯಿಂದ ಬಂದಾಗ ಬಾಗಿಲಿಗೆ ನೋಟಿಸು ಅಂಟಿಸಿದ್ದರು. 'ಸದರಿ ಕಾರ್ಮಿಕನು ಮೇಲಧಿಕಾರಿಗಳ ಅನುಮತಿಯಿಲ್ಲದೆ ತಾನೇ ರಕ್ಷಣಾ ಜಾಲರಿಯನ್ನು ತೆಗೆದು ನಿರ್ಲಕ್ಷ್ಯದಿಂದ ವರ್ತಿಸಿರುವ ಕಾರಣ' ಕೆಲಸದಿಂದ ತೆಗೆಯಲಾಗಿದೆ, ಚಾಳಿನ ಮನೆ ಬಿಡತಕ್ಕದ್ದು. ಯಮನೂರಿ ಅದನ್ನು ಎರಡು ಸಲ ಓದಿ, 'ಅಕ್ಕಾ, ನಾ ಹೋದಾಗ ಜಾಲರಿ ಇರಲೇ ಇಲ್ಲ. ಯಾರ ಬಿಚ್ಚಿದ್ದರೋ ಏನೋ' ಎಂದ. ಆಮೇಲೆ ಪಟ್ಟಿ ಕಟ್ಟಿದ ಕೈ ಎತ್ತಿ, 'ಇನ್ನ ಗೋಲ್ ಕಾಯಾಕಂತೂ ಬರಂಗಿಲ್ಲ, ಫಾರ್ವರ್ಡ್ ಆಡ್ತೀನಿ ತೊಗೋ' ಎಂದು ನಕ್ಕ. ಅವನ ಹೆಂಡತಿ ಆಗ ಏಳು ತಿಂಗಳ ಬಸುರಿ. ಅವಳು ನಗಲಿಲ್ಲ.

ನಾನು ನಗರದ ಲೇಬರ್ ಆಫೀಸಿಗೆ ಅರ್ಜಿ ಬರೆದು ಹಾಕಿದೆ. ಆಫೀಸರು ನಮ್ಮೂರಿಗೆ ಬರುವುದು ಮೂರು ತಿಂಗಳಿಗೊಮ್ಮೆ, ಒಂದೇ ದಿನ. ತಪ್ಪು ಮಿಲ್ಲಿನದೆಂದು ತೀರ್ಮಾನವಾದರೆ ಯಮನೂರಿಗೆ ಕೈಗೆ ತಕ್ಕ ಬೇರೆ ಕೆಲಸ ಕೊಡಬೇಕು, ಮನೆ ಉಳಿಯುತ್ತದೆ. ಆದರೆ ಕಂಡವನೇ ಬಂದು ಬಾಯಿಬಿಟ್ಟು ಹೇಳಬೇಕು. ಬರೆದುಕೊಟ್ಟದ್ದು ನಡೆಯುವುದಿಲ್ಲ, ಯಾರೋ ಬರೆಸಿರಬಹುದೆಂದು ಕಾನೂನಿಗೆ ಅನುಮಾನ. ಕಂಡವರು ಒಬ್ಬರೇ, ನನ್ನ ಗಂಡ. ಹೇಳುವವರಿಲ್ಲದಿದ್ದರೆ ಫೈಲು ಮುಚ್ಚಿತು. ವಿಚಾರಣೆಯ ದಿನ ಗೊತ್ತು ಮಾಡುವ ಹಕ್ಕು ಮಿಲ್ಲಿನದು. ಅವರು ಇಪ್ಪತ್ತಾರನೇ ಸುತ್ತಿನ ಮರುದಿನ ಇಟ್ಟರು. ಕೊನೆಯ ಪಂದ್ಯ, ನಮ್ಮೂರಿನಲ್ಲಿ, ಭಾನುವಾರ.

ಆ ಹೊತ್ತಿಗೆ ಲಾಳಿ ಹನ್ನೆರಡನೇ ಜಾಗದಲ್ಲಿತ್ತು. ಕೊನೆಯ ಎದುರಾಳಿ ಬಂದರಿನ ತಂಡ, ಆಗಲೇ ಚಾಂಪಿಯನ್ ಆದವರು. ಸೋತರೆ ಕೆಳಗೆ, ಸಮ ಮಾಡಿಕೊಂಡರೆ ಉಳಿದೆವು. ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. 'ನೀವು ಈ ಸಲ ಹೋಗಬ್ಯಾಡ್ರಿ' ಎಂದೆ. ನನ್ನ ಗಂಡ ಅನ್ನ ಕಲಸುತ್ತ ತಟ್ಟೆಯನ್ನೇ ನೋಡಿಕೊಂಡು, 'ಇಪ್ಪತ್ತು ವರ್ಷದಾಗ ಒಂದು ಮ್ಯಾಚ್ ಬಿಟ್ಟಾವಲ್ಲ. ಬಾಯಿಗೆ ಟಾವೆಲ್ ಕಟ್ಕೊಂಡ್ ಕುಂದರ್ತೀನಿ. ಮರುದಿನ ಬರ್ತೀನಿ, ಹೇಳ್ತೀನಿ' ಎಂದರು. ಯಮನೂರಿಯೇ ಅವರ ಪರ ನಿಂತ. 'ಹೋಗ್ಲಿ ಬಿಡಕ್ಕಾ. ಮಾಮಾ ಇಲ್ಲದ ಗ್ಯಾಲರಿ ಏನ್ ಗ್ಯಾಲರಿ. ಮಾಮಾ ಹೇಳ್ತೀನಂದ್ರ ಹೇಳ್ತಾನ.' ಖತೀಜಾಬಿ ಮಾತ್ರ ಗೋಡೆಯಾಚೆಯಿಂದ ಕೂಗಿದಳು, 'ಏ ಫಕೀರವ್ವ, ಗಂಡಸರನ್ನ ಮೈದಾನಕ್ಕ ಕಳಿಸಿ ಬಾಯಿ ಮುಚ್ಕೊಂಡ್ ಬರ್ರಿ ಅಂತೀಯಲ್ಲ, ಕೂಸಿನ ಕೈಯಾಗ ಬೆಲ್ಲ ಕೊಟ್ಟು ನೆಕ್ಕಬ್ಯಾಡ ಅಂತೀಯೇನು?' ನಾನು ನಕ್ಕುಬಿಟ್ಟೆ. ಕಳಿಸಿದವಳು ನಾನೇ.

ಶನಿವಾರ ಜಾಬರ್ ವಿರೂಪಣ್ಣ ಬಂದ. ಖಾತೆಯಲ್ಲಿ ಮಶೀನು ಹಂಚುವವನು, ಬೈಯುವವನು, ರಜೆ ಕೊಡುವವನು ಎಲ್ಲ ಅವನೇ. ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿ ಹೊರಗಿನ ಕಟ್ಟೆಯ ಮೇಲೆ ಕೂತ. 'ನಾಳೆ ನನ್ನ ಪಕ್ಕದಾಗ ಕುಂದ್ರು ದುರಗಪ್ಪ. ಮನಸು ಬಿಚ್ಚಿ ಕೂಗು. ಏನ್ ಮಾತಾಡಿದ್ರ ಏನ್ ಆಗ್ತೈತಿ ಅನ್ನೂದು ನಿನಗ ನಾ ಹೇಳಬೇಕೇನು? ನಿನಗೂ ಮಕ್ಕಳದಾವು' ಎಂದ. ನಾನು ಚಹಾ ಕೊಟ್ಟು, 'ವಿರೂಪಣ್ಣಾರ, ನಮ್ಮ ಮಕ್ಕಳ ಚಿಂತಿ ನಿಮಗ್ಯಾಕ್ರಿ, ಸಕ್ಕರಿ ಸಾಕೋ ಬೇಕೋ ಅಷ್ಟ ಹೇಳ್ರಿ' ಎಂದೆ. ಅವನು ನಕ್ಕ. ನನ್ನ ಗಂಡ ನಗಲಿಲ್ಲ. ಮಿಲ್ಲಿನವರು ಹೆದರಿಸುತ್ತಿದ್ದಾರೆ ಎಂದುಕೊಂಡೆ. ಯಾವುದಕ್ಕೆ ಹೆದರಿಸುತ್ತಿದ್ದಾರೆ ಎಂದು ಗೊತ್ತಿದ್ದರೆ ಚಹಾ ಅವನ ಮಡಿಲಿಗೇ ಸುರಿಯುತ್ತಿದ್ದೆ.

ಭಾನುವಾರ ನಾಲ್ಕಕ್ಕೆ ಆಟ ಶುರುವಾಯಿತು. ಚಾಳಿನ ಹೆಂಗಸರೆಲ್ಲ ಹಳ್ಳದ ದಂಡೆಗೆ ಬಂದು ಕೂತಿದ್ದೆವು, ಯಾರ ಕೈಯಲ್ಲಿ ಕಸೂತಿ, ಯಾರ ಕೈಯಲ್ಲಿ ಮೊರ. ಇಪ್ಪತ್ತೆರಡನೇ ನಿಮಿಷಕ್ಕೆ ಮೈದಾನ ಉರಿಯುವ ಒಲೆಗೆ ನೀರು ಹೊಯ್ದಂತೆ ಚುಂಯ್ ಎಂದು ಆರಿತು. 'ಬಿತ್ತು ನಮಗ' ಎಂದಳು ಖತೀಜಾಬಿ. ನಾನು ಆ ಇಪ್ಪತ್ತು ಸಾವಿರ ದನಿಗಳಲ್ಲಿ ಒಂದನ್ನೇ ಹುಡುಕುತ್ತಿದ್ದೆ. ನನ್ನ ಗಂಡನ ಕೂಗು ಊರಿಗೇ ಗೊತ್ತು. 'ಲಾಳೀ' ಎಂದು ಕೊನೆಯಲ್ಲಿ ಎಳೆದು ಮೇಲಕ್ಕೆ ಎಸೆಯುತ್ತಾರೆ, ಪೂರ್ವದ ಗ್ಯಾಲರಿ ಅದನ್ನು ಹಿಡಿದುಕೊಂಡು ಏಳುತ್ತದೆ. ಆವತ್ತು ಆ ಕೂಗು ಇರಲಿಲ್ಲ. ಅರ್ಧ ಆಟ ಮುಗಿಯಿತು. ಇರಲಿಲ್ಲ. ಪೂರ್ವದ ಗ್ಯಾಲರಿ ತಾಳ ತಪ್ಪಿದ ಭಜನೆಯಂತೆ ಅಲ್ಲಲ್ಲಿ ಕೂಗುತ್ತಿತ್ತು. 'ಕಟ್ಟಿದ್ದಾನವ್ವ ಟಾವೆಲ್ಲು, ನಿನ್ನ ಗಂಡ ಗಂಡಸು' ಎಂದು ಖತೀಜಾಬಿ ನನ್ನ ಬೆನ್ನು ತಟ್ಟಿದಳು.

ಎರಡನೇ ಅರ್ಧದಲ್ಲಿ, ಅರವತ್ತನೇ ನಿಮಿಷದ ಹೊತ್ತಿಗೆ, ಬಂದರಿನವರಲ್ಲಿ ಒಬ್ಬನಿಗೆ ಏಟಾಗಿ ಆಟ ನಿಂತಿತ್ತು. ಮೈದಾನವೆಲ್ಲ ಸಂತೆ ಮುಗಿದ ಬಯಲಿನಂತೆ ಗುಜುಗುಜು ಎನ್ನುತ್ತಿತ್ತು. ಆಗ ಕೇಳಿಸಿತು. ಒಂದೇ ದನಿ, ಜೊತೆಗೆ ಯಾರೂ ಇಲ್ಲ. 'ಲಾ...ಳೀ!' ಮತ್ತೊಮ್ಮೆ. ಮೂರನೇ ಸಲ ಎಳೆತ ಮುರಿದು ಬರೀ ಉಸಿರಾಯಿತು. ಅಕ್ಕಿ ಆರಿಸುತ್ತಿದ್ದ ಖತೀಜಾಬಿಯ ಕೈ ನಿಂತಿತು. 'ಈಗ್ಯಾಕ ಕೂಗಿದ? ಆಟನ ನಿಂತೈತಲ್ಲ' ಎಂದಳು. ಎಂಬತ್ನಾಲ್ಕನೇ ನಿಮಿಷಕ್ಕೆ ಡೇವಿಡಪ್ಪ ಗೋಲು ಹೊಡೆದ. ಆ ಕೂಗಿಗೆ ಹಳ್ಳದ ನೀರು ನಡುಗಿತು, ಚಾಳಿನಲ್ಲಿ ತಂಬಿಗೆಗಳು ಗೂಟದಿಂದ ಬಿದ್ದವು, ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಒಂದು, ಒಂದು. ನಮ್ಮ ಲಾಳಿ ಮೊದಲ ದರ್ಜೆಯಲ್ಲಿ ಉಳಿಯಿತು. ನಾನು ಎದ್ದು ಒಳಗೆ ಹೋಗಿ ಹಿಟ್ಟು ನಾದಿದೆ.

ಅವರು ಟಾವೆಲ್ಲನ್ನು ಕೊರಳಿಗೆ ಸುತ್ತಿಕೊಂಡು ಬಂದರು. ಬಾಯಿ ತೆರೆದು ಮುಚ್ಚಿ, ಇಲ್ಲ ಎಂದು ಕೈ ಆಡಿಸಿದರು. ಯಮನೂರಿ ಅಲ್ಲೇ ಇದ್ದ. ಅವನ ಮುಖ ಒಂದು ಗಳಿಗೆ ಬಿದ್ದುಹೋಯಿತು, ಮತ್ತೆ ಎತ್ತಿಕೊಂಡ. 'ಬೈಬ್ಯಾಡಕ್ಕಾ. ಅಂಥಾ ಗೋಲಿಗೆ ಯಾರ ಬಾಯಿ ನಿಂದರತೈತಿ? ನಾ ಇದ್ದರ ನಾನೂ ಕೂಗ್ತಿದ್ದೆ.' ಗೋಲಿಗೆ ಕೂಗಿದ್ದಲ್ಲ ಎಂದು ನನಗೆ ಗೊತ್ತಿತ್ತು. ಗಂಡನ ಕಡೆ ನೋಡಿದೆ, ಅವರು ರೊಟ್ಟಿಯ ಕಡೆ ನೋಡಿದರು. ತಮ್ಮನಿಗೆ ಹೇಳಲಿಲ್ಲ. ಎಂಟೂವರೆ ತಿಂಗಳ ಬಸುರಿಯನ್ನು ಕರೆದುಕೊಂಡು ಯಾವ ಊರಿಗೆ ಹೋಗುತ್ತಾನೆ ಎಂದಷ್ಟೇ ಯೋಚಿಸುತ್ತಿದ್ದೆ.

ಸೋಮವಾರ ಊರಿನಲ್ಲಿ ವಿಜಯದ ಮೆರವಣಿಗೆ. ಹಲಗೆ ಬಡಿಯುತ್ತಿದ್ದರು, ಗುಲಾಲು ಎರಚುತ್ತಿದ್ದರು, ಸಾವಿರಾರು ಗಂಡಸರು ಬಾಯಿ ಅಗಲಿಸಿ ಕುಣಿಯುತ್ತಿದ್ದರು, ಒಬ್ಬನ ಗಂಟಲಿನಿಂದಲೂ ಒಂದು ಸದ್ದಿಲ್ಲ. ಅದರ ನಡುವೆ ದಾರಿ ಮಾಡಿಕೊಂಡು ನಾನು, ನನ್ನ ಗಂಡ, ಯಮನೂರಿ ಮಿಲ್ಲಿನ ಆಫೀಸಿಗೆ ಹೋದೆವು. ಮ್ಯಾನೇಜರ್ ಇದ್ದರು, ಜಾಬರ್ ವಿರೂಪಣ್ಣ ಇದ್ದ, ಅವನ ಗಂಟಲೂ ಮೈದಾನದಲ್ಲೇ ಉಳಿದಿತ್ತು. ಲೇಬರ್ ಆಫೀಸರು ಹೊರಗಿನವರು, ತೆಳ್ಳಗಿನ ಮನುಷ್ಯ, ಮೇಜಿನ ಮೇಲೆ ತಮ್ಮದೇ ನೀರಿನ ಬಾಟಲಿ ಇಟ್ಟುಕೊಂಡಿದ್ದರು. 'ಸಾಕ್ಷಿ ಯಾರು?' ಎಂದರು. 'ಇವನೇ ಸರ್, ಹಾಜರಿದ್ದಾನೆ. ಕೇಳಿ, ಏನು ಹೇಳ್ತಾನೋ' ಎಂದರು ಮ್ಯಾನೇಜರ್, ಬಹಳ ವಿನಯದಿಂದ. ಆಫೀಸರು ಎರಡು ಸಲ ಕೇಳಿದರು. ನನ್ನ ಗಂಡ ನೆಲ ನೋಡುತ್ತ ನಿಂತಿದ್ದರು. ಆಫೀಸರು ಪೆನ್ನಿನ ಟೋಪಿ ತೆಗೆದರು, ಫೈಲು ಮುಚ್ಚಲು.

'ದುರಗಪ್ಪ ಹೇಳ್ತೀನಿ' ಎಂದೆ.

ಆಫೀಸರು ತಲೆ ಎತ್ತಿ, 'ನೀವು ಯಾರಮ್ಮ? ದುರಗಪ್ಪ ಯಾರು?' ಎಂದರು. 'ದುರಗಪ್ಪ ಇವರ್ರಿ. ನಾನು ಇವರ ಸೋಮವಾರದ ಬಾಯಿ.' ಮ್ಯಾನೇಜರ್ ನಕ್ಕರು. 'ಹಳ್ಳಿ ಪದ್ಧತಿ ಸರ್, ಕಾಯಿಪಲ್ಲೆ ಕೊಳ್ಳೋಕೆ ಮಾಡ್ಕೊಂಡಿದ್ದಾರೆ. ಕಾನೂನಿನಲ್ಲಿ ನಡೆಯೋದಲ್ಲ.' ನಾನು ಹೇಳಿದೆ, 'ನಡೀಲಿಲ್ಲಂದ್ರ ಬಿಡ್ರಿ. ಆದರ ಸಾಹೇಬ್ರ, ಎಂಟನೇ ಸುತ್ತಿನ ಮರುದಿನದ ರಿಜಿಸ್ಟರ್ ಒಂದು ತರಿಸಿ ನೋಡ್ರಿ. ಒಬ್ಬನ ಕೈಯಾಗ ಎರಡು ಮಶೀನ್ ಅಂತ ನಾನೂರ ಹನ್ನೆರಡು ಒಪ್ಪಿಗಿ ಬರಕೊಂಡಾರ. ಎಲ್ಲಾ ಸೋಮವಾರದ ಬಾಯೀವ. ಇವತ್ತು ನನ್ನ ಬಾಯಿ ನಡಿಯಂಗಿಲ್ಲಂದ್ರ ಅವತ್ತೂ ನಡದಿಲ್ಲ. ನಾಳೆಯಿಂದ ಒಬ್ಬನಿಗೆ ಒಂದ ಮಶೀನ್. ಯಾವುದಾದರೂ ಒಂದು ಹೇಳ್ರಿ, ನಾ ಮನಿಗೆ ಹೋಗ್ತೀನಿ.'

ರಿಜಿಸ್ಟರ್ ಬಂತು. ಆಫೀಸರು ಹಾಳೆ ತಿರುವುತ್ತ ಹೋದರು. 'ಅದು ಬೇರೆ, ಇದು ಬೇರೆ ಸರ್' ಎಂದರು ಮ್ಯಾನೇಜರ್. 'ಏನು ಬೇರೆ? ಹೇಳಿ, ಬರ್ಕೋತೀನಿ' ಎಂದರು ಆಫೀಸರು. ಆಗ ವಿರೂಪಣ್ಣ ಚೀಟಿಯೊಂದರಲ್ಲಿ ಏನೋ ಗೀಚಿ ಮ್ಯಾನೇಜರರ ಮುಂದೆ ಸರಿಸಿದ. ಮ್ಯಾನೇಜರರ ಮುಖ ತಿಳಿಯಾಯಿತು. ಕುರ್ಚಿಗೆ ಒರಗಿ, 'ಆಗಲಿ ಸರ್, ಹೇಳ್ಲಿ. ನಮ್ಮದೇನೂ ತಕರಾರಿಲ್ಲ' ಎಂದರು. ಗೆದ್ದೆ ಎಂದುಕೊಂಡು ನಾನು ಗಂಡನ ಕಡೆ ತಿರುಗಿದೆ.

ಅವರು ಬಹಳ ಹೊತ್ತು ಕೈ ಎತ್ತಲಿಲ್ಲ. ವಿರೂಪಣ್ಣ ಅವರನ್ನೇ ನೋಡುತ್ತಿದ್ದ. ಯಮನೂರಿ ಪಟ್ಟಿ ಬಿಚ್ಚಿದ ಕೈಯನ್ನು ಹೊಟ್ಟೆಗೆ ಆನಿಸಿಕೊಂಡು ನಿಂತಿದ್ದ. ಕೊನೆಗೆ ನನ್ನ ಗಂಡನ ಬಲಗೈ ಎದ್ದಿತು. ಬೆರಳುಗಳು ಪಾನಾ ಹಿಡಿದಂತೆ ಮಡಚಿಕೊಂಡು ಎಡಕ್ಕೆ ತಿರುಗಿದವು. ಒಂದು ಬೋಲ್ಟು. ಮತ್ತೊಂದು. ನಾಲ್ಕು. ಎರಡೂ ಕೈಯಿಂದ ಏನನ್ನೋ ಎತ್ತಿ ಗೋಡೆಗೆ ಆನಿಸಿಟ್ಟರು. ನಾನು ಇನ್ನೊಮ್ಮೆ ತೋರಿಸಿ ಎಂದು ಕಣ್ಣಲ್ಲೇ ಕೇಳಿದೆ. ನಾಲ್ಕು ಬೋಲ್ಟನ್ನು ಮತ್ತೆ ಬಿಚ್ಚಿದರು. ಆಮೇಲೆ ಬೆರಳನ್ನು ತಮ್ಮ ಎದೆಗೆ ಒತ್ತಿಕೊಂಡರು.

ಆಟ ನಿಂತಾಗ ಕೂಗಿದ್ದು ಯಾಕೆಂದು ಆಗ ತಿಳಿಯಿತು. ಮ್ಯಾನೇಜರ್ ಯಾಕೆ ಒಪ್ಪಿದರು ಎಂಬುದೂ ತಿಳಿಯಿತು. ಈ ಮಾತನ್ನು ಆಡಿದರೆ ನನ್ನ ಗಂಡ ಹೋದರು. ನುಂಗಿದರೆ ತಮ್ಮ ಹೋದ. ನಾನೂ ಮೈದಾನಕ್ಕೆ ಹೋಗಿ ಕೂಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. 'ಏನಂತಾರಮ್ಮ?' ಎಂದರು ಆಫೀಸರು.

'ಜಾಲರಿ ಬಿಚ್ಚಿದಾವ ನಾನು' ಎಂದೆ.

ಯಮನೂರಿ ನನ್ನ ಮುಖ ನೋಡಲಿಲ್ಲ, ಅವರ ಮುಖ ನೋಡಿದ. ಅವರ ಕೈ ಈಗ ನಿಲ್ಲದೆ ಓಡುತ್ತಿತ್ತು, ನಾನು ಹಿಂದೆ ಓಡುತ್ತಿದ್ದೆ. 'ಪಾಳಿ ಶುರುವಾಗೂ ಮುಂಚೆ ಜಾಬರ್ ವಿರೂಪಣ್ಣಾರು ಬಂದು ಬಿಚ್ಚು ಅಂತ ಕೈಸನ್ನಿ ಮಾಡಿದ್ರು. ಎರಡು ಮಶೀನಿಗೂ ಬಿಚ್ಚು, ನಿಂದೂ ಬಿಚ್ಚು, ಅವಂದೂ ಬಿಚ್ಚು, ನಿಲ್ಲಿಸಿ ಒರಸಾಕ ಹೊತ್ತಿಲ್ಲ ಅಂತ ತೋರಿಸಿದ್ರು. ಯಮನೂರಿಗೆ ಹೇಳಬೇಕಿತ್ತು. ನನಗ ಬಾಯಿರಲಿಲ್ಲ, ಆಮ್ಯಾಲೆ ತೋರಿಸಿದರ ಆತು ಅಂದ್ಕೊಂಡೆ. ನನ್ನ ಮಶೀನಿನ ಕಡೆ ಹೋದೆ. ಅವ ಬಂದು ನಿಂತಿದ್ದು ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ಕೈ ಒಳಗಿತ್ತು. ಖಾತೆದಾಗ ಅವತ್ತು ಒಂದು ಮಶೀನಿಗೂ ಜಾಲರಿ ಇರಲಿಲ್ಲ. ಮರುದಿನ ಹೊಸ ಬೋಲ್ಟ್ ಹಾಕಿ ಎಲ್ಲಾ ವಾಪಸ್ ಕೂಡಿಸಿದ್ವಿ.' ವಿರೂಪಣ್ಣ ಎದ್ದು ನಿಂತು ಏನೋ ಹೇಳಲು ಹೋದ. ಬರೀ ಗಾಳಿ ಬಂತು. ಅವನ ಹೆಂಡತಿಯನ್ನು ಯಾರೂ ಕರೆದಿರಲಿಲ್ಲ. ಆಫೀಸರು ಪೆನ್ನು ಕೆಳಗಿಟ್ಟು ಕಾರ್ಡಿಂಗ್ ಖಾತೆಗೆ ನಡೆದರು. ಇಪ್ಪತ್ತೆರಡು ಮಶೀನಿನ ಜಾಲರಿಗಳ ಬೋಲ್ಟೂ ಹೊಸವು, ಮಶೀನಿನ ಉಳಿದ ಬೋಲ್ಟುಗಳಷ್ಟು ಎಣ್ಣೆ ಜಿಡ್ಡು ಒಂದಕ್ಕೂ ಹಿಡಿದಿರಲಿಲ್ಲ.

ಆದೇಶ ಅಂದೇ ಸಂಜೆ ಬಂತು. ತಪ್ಪು ಮಿಲ್ಲಿನದು. ಯಮನೂರಿಗೆ ಗೇಟಿನ ಕಾವಲು ಕೆಲಸ, ಮನೆ ಅವನದೇ. ಬುಧವಾರ ಮಿಲ್ಲಿನ ಆದೇಶ ಬಂತು. ರಕ್ಷಣಾ ಜಾಲರಿ ತೆಗೆದುದಾಗಿ ತಾನೇ ಒಪ್ಪಿಕೊಂಡ ದುರಗಪ್ಪನನ್ನು ಕೆಲಸದಿಂದ ವಜಾ ಮಾಡಲಾಗಿದೆ. ವಿರೂಪಣ್ಣನನ್ನು ಮಾಲೀಕರ ಇನ್ನೊಂದು ಮಿಲ್ಲಿಗೆ ಕಳಿಸಿದರು, ಹೆಡ್ ಜಾಬರ್ ಮಾ‌ಡಿ. ಎರಡು ಮಶೀನಿನ ಒಪ್ಪಿಗೆ ಹಾಗೇ ಉಳಿಯಿತು, ಯಾಕೆಂದರೆ ನನ್ನ ಬಾಯಿ ನಡೆದಿತ್ತಲ್ಲ.

ಗುರುವಾರ ಬೆಳಗಿನ ಜಾವ ಅವರು ಕೆಮ್ಮಿದರು. ನಾನು ಚಹಾ ಇಟ್ಟು, 'ಆಟ ನಿಂತಾಗ ಕೂಗಿದ್ರಿ' ಎಂದೆ. 'ಹೆದರಿಕಿ ಆಗಿತ್ತು ಫಕೀರಿ. ಬಾಯಿ ಇದ್ದರ ಹೇಳಬೇಕಾಗ್ತೈತಿ. ಇಲ್ಲಂದ್ರ ಯಾರೂ ಕೇಳಂಗಿಲ್ಲ ಅಂತ...' 'ಮತ್ತ ಕೈ ಯಾಕ ಎತ್ತಿದ್ರಿ?' ಅವರು ಸ್ವಲ್ಪ ಹೊತ್ತು ಲೋಟ ತಿರುಗಿಸಿದರು. 'ನೀ ನನ್ನ ಹೆಸರು ಹಿಡಿದು ಅಷ್ಟು ಮಂದಿ ಮುಂದ ನಿಂತಿದ್ದಿಯಲ್ಲ. ಸುಳ್ಳಿಗೆ ನಿಲ್ಲಿಸಾಕ ಆಗಲಿಲ್ಲ.' ಅಷ್ಟರಲ್ಲಿ ಯಮನೂರಿ ಬಾಗಿಲಿಗೆ ಬಂದ. ಖಾಕಿ ಕೋಟು ಹಾಕಿದ್ದ, ಅವತ್ತೇ ಅವನ ಮೊದಲ ಪಾಳಿ. ಮೂರು ದಿನದಿಂದ ಅವನು ನಮ್ಮ ಮನೆಗೆ ಬಂದಿರಲಿಲ್ಲ. ಒಳಗೆ ಬಾರದೆ ಹೊಸ್ತಿಲಾಚೆ ನಿಂತೇ ಹೇಳಿದ, 'ಗೇಟಿನಾಗ ಬಿಡಬಾರದವರ ಲಿಸ್ಟ್ ಕೊಟ್ಟಾರ. ಒಂದ ಹೆಸರು ಐತಿ ಮಾಮಾ. ಬರಬ್ಯಾಡ.' ನನ್ನ ಗಂಡ ಚಹಾ ಮುಗಿಸಿ ಅಂಗಿ ಹಾಕಿಕೊಂಡರು. 'ಬರ್ತೀನಿ. ನಿನ್ನ ಕೆಲಸ ನೀ ಮಾಡು.'

ಏಳರ ಸೈರನ್ ಆಗುವ ಹೊತ್ತು. ಒಂದು ಪಾಳಿ ಒಳಗೆ ಹೋಗುತ್ತಿತ್ತು, ಒಂದು ಹೊರಗೆ ಬರುತ್ತಿತ್ತು, ಎಲ್ಲರ ಗಂಟಲೂ ಆಗಷ್ಟೇ ವಾಪಸ್ಸು ಬಂದಿತ್ತು. ನಾನು ರಸ್ತೆಯ ಈಚೆ ನಿಂತಿದ್ದೆ. ಆ ದಿನ ಅವರಿಗೆ ನನ್ನ ಬಾಯಿ ಬೇಕಿರಲಿಲ್ಲ. ಅವರು ನೇರ ಗೇಟಿಗೆ ಹೋಗಿ, ಪೂರ್ವದ ಗ್ಯಾಲರಿಯನ್ನು ಎಬ್ಬಿಸುವ ದನಿಯಲ್ಲಿ ಮೊದಲಿನಿಂದ ಹೇಳತೊಡಗಿದರು. ಜಾಲರಿ ಬಿಚ್ಚಿದಾವ ನಾನು, ಬಿಚ್ಚು ಅಂದವರ ಹೆಸರು ಇದು, ಬಿಚ್ಚಿಸಿದ್ದು ಯಾಕಂದ್ರ ಇದಕ್ಕ, ನೀವೂ ಬಿಚ್ಚೀರಿ, ನನಗ ಗೊತ್ತೈತಿ. ಜನ ನಿಂತರು. ಕಾವಲಿನವನು ತಡೆಯಲೇಬೇಕಿತ್ತು. ಯಮನೂರಿ ಬಂದು ಮಾಮಾನ ಎದೆಗೆ ಕೈ ಅಡ್ಡ ಹಿಡಿದ. ಅವನಿಗೆ ಎಡಗೈ ಇತ್ತು, ಐದೂ ಬೆರಳಿನ ಗಟ್ಟಿ ಕೈ, ಲಾಠಿಯನ್ನೂ ಅದರಲ್ಲೇ ಹಿಡಿದಿದ್ದ. ಅವನು ಹೆಬ್ಬೆರಳೊಂದೇ ಉಳಿದ ಬಲಗೈಯನ್ನೇ ಎತ್ತಿ ಹಿಡಿದ, ಒಳಗೆ ಹೋಗುವ ಪಾಳಿಗೂ ಹೊರಗೆ ಬರುವ ಪಾಳಿಗೂ ಕಾಣುವಷ್ಟು ಎತ್ತರಕ್ಕೆ. ನನ್ನ ಗಂಡ ಹೇಳಿ ಮುಗಿಸುವವರೆಗೆ ಅದನ್ನು ಇಳಿಸಲಿಲ್ಲ.